ಹಳೆಯ ಕನ್ನಡ ಚಿತ್ರಗಳ ಮನೆಪ್ರತಿಗಳು: ಅಳೆಯುವ, ಆಯುವ, ಉಳಿಸುವ ಬಗೆ

ಹಳೆಯ ಚಲನಚಿತ್ರಗಳನ್ನು ಮೆಚ್ಚುವವರು ಕೂಡಿದ ಕಡೆ ಎರಡು ಪ್ರಶ್ನೆಗಳು ಏಳದೆ ಇರುವುದಿಲ್ಲ. ಯಾವ ಚಿತ್ರ ಮೇಲು ಎಂಬುದು ಒಂದು. ಆ ಚಿತ್ರದ ಯಾವ ಪ್ರತಿಯನ್ನು ನೋಡಿದಿರಿ ಎಂಬುದು ಇನ್ನೊಂದು. ಮೊದಲನೆಯದು ಮುಗಿಯದ ವಾದ. ‘ಬೇಡರ ಕಣ್ಣಪ್ಪ’ ದೊಡ್ಡದೋ ‘ಸತ್ಯ ಹರಿಶ್ಚಂದ್ರ’ ದೊಡ್ಡದೋ, ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ‘ಗೆಜ್ಜೆ ಪೂಜೆ’ ಮುಂದೋ ‘ಶರಪಂಜರ’ ಮುಂದೋ ಎಂಬ ಚರ್ಚೆಗೆ ತೀರ್ಪುಗಾರರಿಲ್ಲ, ಇರಬೇಕಾಗಿಯೂ ಇಲ್ಲ. ಎರಡನೆಯ ಪ್ರಶ್ನೆಗೆ ಮಾತ್ರ ಲೆಕ್ಕದ ಉತ್ತರವಿದೆ. ಒಂದೇ ಚಿತ್ರವನ್ನು ನೋಡಿದ್ದೇವೆಂದು ಹೇಳುವ ಇಬ್ಬರಲ್ಲಿ ಒಬ್ಬರು ಪೂರ್ಣ ಚಿತ್ರವನ್ನೂ ಮತ್ತೊಬ್ಬರು ಹಾಡುಗಳು ಕಳೆದ, ಅಂಚು ಕತ್ತರಿಸಿದ, ಮಸುಕಾದ ನೆರಳನ್ನೂ ನೋಡಿರುವುದು ಸಾಧ್ಯ.

ಗಡಿನಾಡಿನ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಹೋಗುವ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಆಡುತ್ತಿರಬಹುದು, ಪೇಟೆಯಲ್ಲಿ ಮಲಯಾಳವನ್ನು ಕೇಳುತ್ತದೆ. ಅಕ್ಕಲಕೋಟೆಯ ಮಗುವಿಗೆ ಪೇಟೆಯ ಮಾತು ಮರಾಠಿ, ಆದೋನಿಯದಕ್ಕೆ ತೆಲುಗು, ತಾಳವಾಡಿಯದಕ್ಕೆ ತಮಿಳು. ಪಠ್ಯಪುಸ್ತಕದ ಆಚೆ, ಹಿರಿಯ ಕಲಾವಿದರ ಬಾಯಲ್ಲಿ ತೂಕವಾಗಿ ಬರುವ ಕನ್ನಡವನ್ನು ಕೇಳಿಸುವ ಸುಲಭದ ಸಾಧನ ಹಳೆಯ ಚಿತ್ರಗಳೇ. ಅಂತಹ ಚಿತ್ರದ ಧ್ವನಿಯೇ ಕೆಟ್ಟಿದ್ದರೆ, ಸಂಭಾಷಣೆಯ ನಡುವೆ ತುಂಡು ಬಿದ್ದಿದ್ದರೆ, ಮಗು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತದೆ. ಹಿರಿಯರು ‘ಈಗಿನ ಮಕ್ಕಳಿಗೆ ಹಳೆಯದು ಹಿಡಿಸುವುದಿಲ್ಲ’ ಎಂದು ತಪ್ಪಾಗಿ ತೀರ್ಮಾನಿಸುತ್ತಾರೆ. ಹಲವು ವೇಳೆ ಹಿಡಿಸದಿರುವುದು ಚಿತ್ರವಲ್ಲ, ಪ್ರತಿ.

ಗಡಿಯಾಚೆ ರೂಪುಗೊಂಡ ಚಿತ್ರರಂಗ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನದ, ಸುಬ್ಬಯ್ಯನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ನಟಿಸಿದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮುಂದೆ 1960ರ ದಶಕದವರೆಗೂ ಕನ್ನಡ ಚಿತ್ರಗಳಲ್ಲಿ ಬಹುಪಾಲು ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಅವುಗಳ ಸಂಸ್ಕರಣೆಯೂ ಅಲ್ಲಿನ ಲ್ಯಾಬೊರೇಟರಿಗಳಲ್ಲೇ. ರಾಜ್‌ಕುಮಾರ್ ಅವರ ಊರೆಂದು ಕನ್ನಡಿಗರೆಲ್ಲ ಬಲ್ಲ ದೊಡ್ಡ ಗಾಜನೂರು ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಗಡಿರೇಖೆಗಳು ಗಟ್ಟಿಯಾಗುವ ಮುಂಚೆಯೇ ಕನ್ನಡ ಚಿತ್ರರಂಗ ಆ ರೇಖೆಗಳ ಎರಡೂ ಕಡೆ ಬೆಳೆದಿತ್ತು. ಹೀಗಾಗಿ ಅದರ ಹಳೆಯ ಸುರುಳಿಗಳನ್ನು ಹುಡುಕುವವರು ಇಂದಿಗೂ ಚೆನ್ನೈ, ಪುಣೆಗಳ ಕಡೆ ನೋಡಬೇಕಾಗುತ್ತದೆ.

‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ದ ಗತಿಯೂ ಅದೇ. ಕಾರಣಗಳು ನಿಗೂಢವೇನಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಬೆಂಕಿ ಹಿಡಿಯುತ್ತಿತ್ತು; ಒಮ್ಮೆ ಹೊತ್ತಿದರೆ ನೀರಿಗೂ ಆರುತ್ತಿರಲಿಲ್ಲ. ಅದರ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಅಷ್ಟು ಸುಲಭವಾಗಿ ಉರಿಯುವುದಿಲ್ಲ, ಆದರೆ ಸೆಕೆ ಮತ್ತು ತೇವಕ್ಕೆ ಸಿಕ್ಕಿದರೆ ವಿನಿಗರ್‌ನಂತಹ ಹುಳಿವಾಸನೆ ಬಿಡುತ್ತ ಸುಕ್ಕಾಗಿ, ಸುರುಟಿ, ಕೊನೆಗೆ ಅಂಟಿಕೊಂಡು ಹೋಗುತ್ತದೆ. ಓಡಿ ಸವೆದ ಪ್ರತಿಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ರಾಷ್ಟ್ರೀಯ ಚಲನಚಿತ್ರ ಭಂಡಾರ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ. ಕನ್ನಡ ವಾಕ್ಚಿತ್ರಕ್ಕೆ ಆಗಲೇ ಮೂವತ್ತು ವರ್ಷ. ಅಲ್ಲಿನ ಪಿ.ಕೆ. ನಾಯರ್ ದೇಶವೆಲ್ಲ ಅಲೆದು ಸಂಗ್ರಹಿಸಿದ್ದರಿಂದ ಉಳಿದದ್ದು ಬಹಳ. ಹಾಗೆ ಉಳಿದದ್ದರಲ್ಲೂ ಒಂದಷ್ಟು 2003ರಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಹೋಯಿತು.

ನೆಗೆಟಿವ್‌ನಿಂದ ಮನೆಯ ಪರದೆಗೆ

ಚಿತ್ರದ ಮೂಲವೆಂದರೆ ಕ್ಯಾಮೆರಾದೊಳಗೆ ಓಡಿದ ನೆಗೆಟಿವ್. ಅದರಿಂದ ಚಿತ್ರಮಂದಿರದ ಪ್ರಿಂಟುಗಳು ತಯಾರಾಗುತ್ತವೆ. ಊರೂರು ಸುತ್ತಿ ಗೀಚು ಬಿದ್ದ ಅಂತಹ ಒಂದು ಪ್ರಿಂಟನ್ನು ಟೆಲಿಸಿನಿ ಎಂಬ ಯಂತ್ರದಲ್ಲಿ ಓಡಿಸಿ ವಿಡಿಯೊ ಟೇಪಿಗೆ ಇಳಿಸಲಾಗುತ್ತಿತ್ತು. ಆ ಟೇಪಿನಿಂದಲೇ ದೂರದರ್ಶನದ ಪ್ರಸಾರ, ಅದರಿಂದಲೇ ವಿ.ಎಚ್.ಎಸ್. ಕ್ಯಾಸೆಟ್ಟು, ವಿ.ಸಿ.ಡಿ., ಅನೇಕ ವೇಳೆ ಡಿ.ವಿ.ಡಿ. ಕೂಡ. ಡಿಸ್ಕ್ ಹೊಸದಾದರೂ ಅದರೊಳಗಿನ ಚಿತ್ರ ಹತ್ತಿಪ್ಪತ್ತು ವರ್ಷ ಹಳೆಯ ಟೇಪಿನದು ಎಂಬುದು ಹೊದಿಕೆಯನ್ನು ನೋಡಿದರೆ ತಿಳಿಯುವುದಿಲ್ಲ.

ಪರದೆಯ ಚುಕ್ಕಿಗಳ ಲೆಕ್ಕ ಹಿಡಿದರೆ ಈ ಏರಿಳಿತ ಸ್ಪಷ್ಟವಾಗುತ್ತದೆ. ವಿ.ಸಿ.ಡಿ.ಯ ಒಂದು ಚೌಕಟ್ಟು 352 ಅಡ್ಡ, 288 ಉದ್ದ. ಒಟ್ಟು ಸುಮಾರು 1 ಲಕ್ಷ ಚುಕ್ಕಿಗಳು. ಡಿ.ವಿ.ಡಿ. 720ಕ್ಕೆ 576, ಎಂದರೆ 4 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಬ್ಲೂ-ರೇ 1920ಕ್ಕೆ 1080, ಸುಮಾರು 20 ಲಕ್ಷ. ಮನೆಯ 4ಕೆ ಪರದೆಯಲ್ಲಿ 83 ಲಕ್ಷ. ವಿ.ಸಿ.ಡಿ.ಗಾಗಿ ತಯಾರಾದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ‘4ಕೆ’ ಎಂದು ಹೆಸರಿಟ್ಟರೆ, 1 ಲಕ್ಷ ಚುಕ್ಕಿಗಳಿಂದ 83 ಲಕ್ಷವನ್ನು ಯಂತ್ರ ಊಹಿಸಿ ತುಂಬಿದೆ ಎಂದಷ್ಟೇ ಅರ್ಥ. ಮುಖಗಳು ಮೇಣದ ಬೊಂಬೆಗಳಂತೆ ನುಣುಪಾಗುವುದು ಅದರಿಂದಲೇ. ಹಾಗೆ ಹೆಸರಿಟ್ಟ ಪ್ರತಿಗಳು ಯೂಟ್ಯೂಬಿನಲ್ಲಿ ಈಗ ಬಹಳ, ಹೆಸರನ್ನು ನಂಬಬೇಕಾಗಿಲ್ಲ.

ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಎರಡೂವರೆ ಗಂಟೆಯ ಚಿತ್ರ ಎರಡು ಡಿಸ್ಕುಗಳಲ್ಲಿ ಕೂರುತ್ತದೆ. ಅದಕ್ಕಿಂತ ಉದ್ದದ್ದಕ್ಕೆ ಮೂರನೆಯದು ಬೇಕು. ಮೂರನೆಯದರ ಖರ್ಚು ಉಳಿಸಲು ಒಂದೆರಡು ಹಾಡುಗಳನ್ನೋ ಹಾಸ್ಯದ ದೃಶ್ಯವನ್ನೋ ಕಳೆಯುವುದು ಆ ಕಾಲದ ವ್ಯಾಪಾರದ ರೂಢಿಯಾಗಿತ್ತು. ಒಂದೇ ಡಿ.ವಿ.ಡಿ.ಯಲ್ಲಿ ಮೂರು ಚಿತ್ರಗಳನ್ನು ಸೇರಿಸಿ ಮಾರುವುದು ಇನ್ನೊಂದು ಬಗೆ. ಜಾಗ ಅಷ್ಟೇ ಇರುವುದರಿಂದ ಮೂರನ್ನೂ ಹಿಂಡಿ ತುರುಕಿರುತ್ತಾರೆ. ಕತ್ತಲೆಯ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಅಗ್ಗವೆಂದು ಕೊಂಡವರಿಗೆ ಮೂರು ಚಿತ್ರ ಸಿಕ್ಕಿತೆಂಬ ಸಂತೋಷವಿರಬಹುದು, ಒಂದೂ ಸರಿಯಾಗಿ ಸಿಕ್ಕಿರುವುದಿಲ್ಲ.

ಇಷ್ಟಾದರೂ ವಿ.ಸಿ.ಡಿ.ಯನ್ನು ಹೀಗಳೆಯುವುದು ನ್ಯಾಯವಲ್ಲ. ಹಳೆಯ ಕನ್ನಡ ಚಿತ್ರ ಚಿತ್ರಮಂದಿರಕ್ಕೆ ಬಾರದ ಊರುಗಳಿಗೆ, ಕೇಬಲ್ ಜಾಲ ತಲಪದ ಹಳ್ಳಿಗಳಿಗೆ ‘ಬಂಗಾರದ ಮನುಷ್ಯ’, ‘ಮಯೂರ’ಗಳನ್ನು ಮುಟ್ಟಿಸಿದ್ದು ಬಸ್ ನಿಲ್ದಾಣದ ಅಂಗಡಿಯ ಆ ಅಗ್ಗದ ಡಿಸ್ಕುಗಳೇ. ಅವು ಚಿತ್ರಗಳನ್ನು ಹಂಚಿದವು. ಕಾಪಾಡುವ ಶಕ್ತಿ ಅವುಗಳಿಗೆ ಇರಲಿಲ್ಲ. ಇವೆರಡೂ ಒಂದೇ ಎಂದು ಬಗೆದದ್ದರಿಂದ ಹಾನಿಯಾಯಿತು. ‘ಸಿ.ಡಿ. ಬಂದಿದೆಯಲ್ಲ’ ಎಂಬ ನೆಮ್ಮದಿಯಲ್ಲಿ ನೆಗೆಟಿವ್ ಎಲ್ಲಿದೆ ಎಂದು ಕೇಳುವವರು ಕಡಿಮೆಯಾದರು.

ಪ್ರತಿ ಪೂರ್ಣವೇ ಎಂದು ಅಳೆಯುವುದು

ಇದಕ್ಕೊಂದು ಸರಳ ಲೆಕ್ಕವಿದೆ. ಏಳನೆಯ ತರಗತಿಯ ಮಗುವೂ ಮಾಡಬಹುದು. ಪ್ರತಿಯೊಂದು ಚಿತ್ರದ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಚಿತ್ರದ ಉದ್ದವನ್ನು ಮೀಟರು ಅಥವಾ ಅಡಿಗಳಲ್ಲಿ ನಮೂದಿಸಿರುತ್ತಾರೆ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿವೆ. ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಎಂದರೆ ನಿಮಿಷಕ್ಕೆ 90 ಅಡಿ, ಮೀಟರಿನಲ್ಲಿ ಸುಮಾರು 27.4. ಪತ್ರದಲ್ಲಿ 13,500 ಅಡಿ ಎಂದಿದ್ದರೆ ಚಿತ್ರ 150 ನಿಮಿಷ ಇರಬೇಕು; 4,000 ಮೀಟರ್ ಎಂದಿದ್ದರೆ ಸುಮಾರು 146 ನಿಮಿಷ. ಡಿಸ್ಕಿನ ಒಟ್ಟು ಅವಧಿಯನ್ನು ಇದರೊಡನೆ ಹೋಲಿಸಿದರೆ ಎಷ್ಟು ಕತ್ತರಿ ಬಿದ್ದಿದೆ ಎಂಬುದು ತಿಳಿಯುತ್ತದೆ. ಪ್ರಮಾಣಪತ್ರವನ್ನೇ ಕಿತ್ತುಹಾಕಿದ್ದರೆ ಆ ಪ್ರತಿಯನ್ನು ಸಂಶಯದಿಂದ ನೋಡಬೇಕು.

ಒಂದು ಎಚ್ಚರಿಕೆ. ನಮ್ಮ ದೂರದರ್ಶನ ಪಾಲ್ ಎಂಬ ಕ್ರಮವನ್ನು ಅನುಸರಿಸುತ್ತಿತ್ತು. ಅದರಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಈ ಕ್ರಮಕ್ಕೆ ನೇರವಾಗಿ ಇಳಿಸಿದಾಗ ಚಿತ್ರ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಏನನ್ನೂ ಕತ್ತರಿಸಿರುವುದಿಲ್ಲ. ಧ್ವನಿ ಮಾತ್ರ ಕೊಂಚ ಏರುತ್ತದೆ. ಪಿ.ಬಿ. ಶ್ರೀನಿವಾಸರ ಮಂದ್ರ ಕಂಠ ಯಾಕೋ ತೆಳುವಾಗಿ ಕೇಳುತ್ತಿದೆ ಎಂದು ಹಳಬರು ಗೊಣಗಿದರೆ ಅವರ ಕಿವಿಯನ್ನು ದೂರುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ಪರದೆಯ ಆಕಾರವನ್ನೂ ಗಮನಿಸಬೇಕು. 1950, 60ರ ದಶಕಗಳ ಚಿತ್ರಗಳು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಪ್ರಮಾಣದವು. ಈಗಿನ ಅಗಲ ಟಿ.ವಿ.ಯಲ್ಲಿ ಅವುಗಳ ಎರಡು ಬದಿಗೂ ಕಪ್ಪು ಪಟ್ಟಿ ಇರುವುದೇ ಸರಿ. ಪರದೆ ತುಂಬಲೆಂದು ಎಳೆದರೆ ಪಂಡರೀಬಾಯಿಯವರ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ಎಳೆಯದೆ ದೊಡ್ಡದು ಮಾಡಿದರೆ ಮೇಲೆ ಕೆಳಗೆ ಸೇರಿ ಸುಮಾರು ಕಾಲುಭಾಗ ಹೋಗುತ್ತದೆ. ಸಿನಿಮಾಸ್ಕೋಪಿನ ಕಷ್ಟ ಇದಕ್ಕೆ ತಿರುವುಮುರುವು. ಕನ್ನಡದಲ್ಲಿ ಅದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಆರಂಭವಾಯಿತು. ಹಳೆಯ ಚೌಕ ಟಿ.ವಿ.ಗಾಗಿ ಇಳಿಸಿದ ಪ್ರತಿಗಳಲ್ಲಿ ಅಂತಹ ಚಿತ್ರಗಳ ಐದರಲ್ಲಿ ಎರಡು ಭಾಗಕ್ಕೂ ಹೆಚ್ಚು ಅಂಚಿನಾಚೆ ಹೋಗಿರುತ್ತದೆ. ಇಬ್ಬರು ಮಾತನಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಕಂಡರೆ ಅದು ಛಾಯಾಗ್ರಾಹಕರ ತಪ್ಪಲ್ಲ.

ಕಪ್ಪು ಬಿಳುಪು, ಬಣ್ಣ

ಅಭಿಮಾನಿಗಳಲ್ಲಿ ಹೆಚ್ಚು ಬಿಸಿಯೇರುವ ಚರ್ಚೆ ಇದು. ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಡಿಜಿಟಲ್ ತಂತ್ರದಿಂದ ಬಣ್ಣ ಹಚ್ಚಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ದೊರೈ-ಭಗವಾನ್ ಜೋಡಿಯ 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂತು. ಎರಡಕ್ಕೂ ಜನ ಬಂದರು. ಕಪ್ಪು ಬಿಳುಪೆಂದರೆ ಮುಖ ತಿರುಗಿಸುವ ಮಕ್ಕಳೂ ಕೂತು ನೋಡಿದರು. ಆ ಮಟ್ಟಿಗೆ ಇದು ಉಪಕಾರವೇ. ಆದರೆ ‘ಕಸ್ತೂರಿ ನಿವಾಸ’ ಕೊಡುತ್ತ ಕೊಡುತ್ತ ಬರಿದಾಗುವ ಮನುಷ್ಯನ ಕಥೆ. ಅದರ ಕೊನೆಯ ಭಾಗದ ಬಡವಾದ ಮನೆ, ಬಿಳಿಯ ಪಾರಿವಾಳ, ರಾಜ್‌ಕುಮಾರ್ ಮುಖದ ನೆರಳು ಎಲ್ಲವನ್ನೂ ಕಪ್ಪು ಬಿಳುಪಿಗಾಗಿಯೇ ಬೆಳಕು ಹಾಕಿ ಚಿತ್ರಿಸಿದ್ದಾರೆ. ಬಣ್ಣ ಅಲ್ಲಿ ಹೊರಗಿನಿಂದ ಬಂದ ನೆಂಟ. ಬಣ್ಣದ ಪ್ರತಿ ಇರಲಿ. ಅದರ ಪಕ್ಕದಲ್ಲಿ ಮೂಲದ ಪ್ರತಿಯೂ ಅಷ್ಟೇ ಶುದ್ಧವಾಗಿ ದೊರೆಯಬೇಕು. ಮನೆಯಲ್ಲಿ ಎರಡೂ ಇದ್ದರೆ ಮಕ್ಕಳಿಗೆ ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ತೋರಿಸಿ ಅವರೇ ಹೇಳಲೆಂದು ಬಿಡಬಹುದು.

ಬಣ್ಣದಲ್ಲೇ ತೆಗೆದ ಚಿತ್ರಗಳ ಪಾಡು ಬೇರೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಆ ಕಾಲದ ಬಣ್ಣದ ಫಿಲ್ಮು ವರ್ಷ ಕಳೆದಂತೆ ಮಾಸಿ, ನೀಲಿ ಹಸಿರು ಹೋಗಿ ಕೆಂಪು ಉಳಿಯುತ್ತದೆ. ಪ್ರತಿಯೊಂದು ದೃಶ್ಯವೂ ಸಂಜೆಗೆಂಪಿನಲ್ಲಿ ನಡೆದಂತೆ ಕಂಡರೆ ಅದು ಮಾಸಿದ ಪ್ರಿಂಟು. ಪುಟ್ಟಣ್ಣನವರ 1972ರ ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮರಳಿ ತೆರೆಕಂಡಾಗ ಹೊಸ ತಲೆಮಾರಿನವರು ಚಿತ್ರದುರ್ಗದ ಕೋಟೆಯನ್ನು ದೊಡ್ಡ ಪರದೆಯಲ್ಲಿ ಕಾಣುವಂತಾಯಿತು.

‘ಘಟಶ್ರಾದ್ಧ’ದ ಪುನಶ್ಚೇತನ

ಸರಿಯಾದ ಕ್ರಮದಲ್ಲಿ ಚಿತ್ರವೊಂದನ್ನು ಉಳಿಸುವುದು ಹೇಗೆಂಬುದಕ್ಕೆ ಕನ್ನಡದಲ್ಲಿ ಈಗ ಒಳ್ಳೆಯ ಉದಾಹರಣೆಯೊಂದಿದೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆದ ಚಿತ್ರ. ಮಲೆನಾಡಿನ ವೇದಪಾಠಶಾಲೆ, ಅಲ್ಲಿನ ಉಪಾಧ್ಯಾಯರ ಎಳೆಯ ವಿಧವೆ ಮಗಳು ಯಮುನಾ, ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿ. ಊರು ಅವಳನ್ನು ಬದುಕಿದ್ದಾಗಲೇ ಸತ್ತವಳೆಂದು ಹೊರಹಾಕುವುದನ್ನು ಆ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಇದರ ನಿರ್ಮಾಪಕರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದ ಸದಾನಂದ ಸುವರ್ಣರು. ಹೊರನಾಡ ಕನ್ನಡಿಗರೊಬ್ಬರು ಹಣ ಹೂಡದೆ ಹೋಗಿದ್ದರೆ ಈ ಚಿತ್ರ ಆಗುತ್ತಿರಲಿಲ್ಲ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಇದರ ಪುನಶ್ಚೇತನವನ್ನು ಕೈಗೆತ್ತಿಕೊಂಡವು. ಪುಣೆಯ ಭಂಡಾರ, ನಿರ್ಮಾಪಕರು ಮತ್ತು ಸ್ವತಃ ಕಾಸರವಳ್ಳಿಯವರು ಕೈಜೋಡಿಸಿದರು. ಕೆಲಸ ನಡೆದದ್ದು ಇಟಲಿಯ ಬೊಲೊನ್ಯಾದ ಲ್ಯಾಬೊರೇಟರಿಯಲ್ಲಿ. 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದ ಪ್ರಾಚೀನ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ಸುವರ್ಣರು ಆ ವರ್ಷದ ಜುಲೈಯಲ್ಲೇ ತೀರಿಕೊಂಡಿದ್ದರು; ವೆನಿಸಿನ ಆ ಪರದೆಯನ್ನು ಅವರು ನೋಡಲಿಲ್ಲ.

ಇದೇ ಬೊಲೊನ್ಯಾದಲ್ಲಿ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯಕ್ಕೂ ಮರುಜೀವ ಬಂದಿತ್ತು. 1993ರಲ್ಲಿ ಲಂಡನ್ನಿನ ಲ್ಯಾಬೊರೇಟರಿಯೊಂದರಲ್ಲಿ ಆ ನೆಗೆಟಿವ್‌ಗಳಿಗೆ ಬೆಂಕಿ ತಗುಲಿತು. ಸುಟ್ಟು ಸುರುಟಿದ್ದನ್ನು ಎಸೆಯದೆ ಇಟ್ಟಿದ್ದರು. ಎರಡು ದಶಕಗಳ ಬಳಿಕ ತಂತ್ರಜ್ಞರು ಅವನ್ನು ದ್ರಾವಣದಲ್ಲಿ ಮೆತ್ತಗಾಗಿಸಿ, ಅಂಚಿನ ರಂಧ್ರಗಳನ್ನು ಕೈಯಿಂದ ಸರಿಪಡಿಸಿ, ಉಳಿದಷ್ಟನ್ನು ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ನೂರಕ್ಕೆ ನಲವತ್ತರಷ್ಟು ಮೂಲ ನೆಗೆಟಿವ್‌ನಿಂದಲೇ ದೊರೆಯಿತು. 2015ರಲ್ಲಿ ಕ್ರೈಟೀರಿಯನ್ ಸಂಸ್ಥೆ ಅದನ್ನು ಬ್ಲೂ-ರೇಯಲ್ಲಿ ಹೊರತಂದಿತು. ಸುಟ್ಟ ನೆಗೆಟಿವ್ ಕೂಡ ಒಳ್ಳೆಯ ವಿ.ಸಿ.ಡಿ.ಗಿಂತ ಬೆಲೆಯುಳ್ಳದ್ದು.

ಮನೆಯ ಪೆಟ್ಟಿಗೆಯಲ್ಲಿರುವುದು

ಎಲ್ಲ ಚಿತ್ರಗಳಿಗೂ ಬೊಲೊನ್ಯಾ ಲಭಿಸುವುದಿಲ್ಲ. ನೆಗೆಟಿವ್ ಕಾಣೆಯಾದ ಚಿತ್ರಗಳಿಗೆ ಯಾರದೋ ಮನೆಯ ಕ್ಯಾಸೆಟ್ಟೇ ಕೊನೆಯ ಆಸರೆಯಾಗಬಹುದು. ಆದ್ದರಿಂದ ಹಳೆಯ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವ ಮುನ್ನ ಪಟ್ಟಿ ಮಾಡಬೇಕು. ಕರಾವಳಿಯ ಮತ್ತು ವಯನಾಡಿನ ಮಳೆಗಾಲದಲ್ಲಿ ಟೇಪಿನ ಮೇಲೆ ಬಿಳಿಯ ಬೂಸು ಬರುತ್ತದೆ. ಬೂಸು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬಾರದು. ಯಂತ್ರವೂ ಕೆಡುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಬೂಸು ಹರಡುತ್ತದೆ. ಕ್ಯಾಸೆಟ್ಟುಗಳನ್ನು ಪುಸ್ತಕದಂತೆ ನೇರ ನಿಲ್ಲಿಸಿ, ಸ್ಪೀಕರು, ಮೋಟಾರುಗಳಂತಹ ಅಯಸ್ಕಾಂತವಿರುವ ವಸ್ತುಗಳಿಂದ ದೂರ ಇಡಬೇಕು. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಕೊನೆಯ ಕಂಪನಿಯೂ 2016ರಲ್ಲಿ ಕೈಬಿಟ್ಟಿತು. ಓಡುವ ಯಂತ್ರ ಊರಿನಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಈಗಲೇ ಸಮಯ.

ಡಿಸ್ಕಿನ ವಿಷಯದಲ್ಲಿ ಬಹುಮಂದಿ ಹೊಳೆಯುವ ಬದಿಯನ್ನಷ್ಟೇ ಕಾಯುತ್ತಾರೆ. ವಿ.ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾದ ಬದಿಯ ತೀರ ಕೆಳಗೆ. ಅಲ್ಲಿ ಗೀರು ಬಿದ್ದರೆ ರಿಪೇರಿಯೇ ಇಲ್ಲ. ಡಿ.ವಿ.ಡಿ.ಯಲ್ಲಿ ಅದು ಎರಡು ಪದರಗಳ ನಡುವೆ ಇರುವುದರಿಂದ ಸ್ವಲ್ಪ ಸುರಕ್ಷಿತ. ಒರೆಸುವಾಗ ಸುತ್ತ ತಿರುಗಿಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆಯುವ ಅಭ್ಯಾಸ ಬಿಡಬೇಕು.

ಶಾಲೆಯಲ್ಲಿ ತೋರಿಸುವಾಗ

ಚಿತ್ರ ಪ್ರದರ್ಶಿಸಲು ಅನುಮತಿ ಬೇಕೇ ಎಂಬ ಅಂಜಿಕೆಯಿಂದ ಎಷ್ಟೋ ಶಾಲೆಗಳು ಹಿಂಜರಿಯುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆ ಇದಕ್ಕೆ ಅವಕಾಶ ಕೊಟ್ಟಿದೆ: ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಮತ್ತು ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇವರಷ್ಟೇ ಪ್ರೇಕ್ಷಕರಾಗಿದ್ದರೆ ಚಲನಚಿತ್ರ ತೋರಿಸುವುದು ಉಲ್ಲಂಘನೆಯಲ್ಲ. ಊರಿಗೆಲ್ಲ ಟಿಕೆಟ್ ಮಾರಿದರೆ ಈ ರಕ್ಷಣೆ ಸಲ್ಲದು.

ಇದೇ ಕಾಯಿದೆಯಂತೆ ಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಡಿಸೆಂಬರಿಗೆ ತೀರಿತು, 1964ರ ‘ಅಮರಶಿಲ್ಪಿ ಜಕಣಾಚಾರಿ’ಯದು 2024ರ ಡಿಸೆಂಬರಿಗೆ. ಚಿತ್ರದೊಳಗಿನ ಕಥೆ, ಗೀತಸಾಹಿತ್ಯಗಳ ಹಕ್ಕು ಬೇರೆ. ಅದು ಲೇಖಕರು ತೀರಿಕೊಂಡ ಬಳಿಕ 60 ವರ್ಷ ನಡೆಯುತ್ತದೆ. ಆದ್ದರಿಂದ ಹಾಡಿನ ಪುಸ್ತಕ ಅಚ್ಚುಹಾಕುವವರು ವಿಚಾರಿಸಿಯೇ ಮುಂದುವರಿಯಬೇಕು.

ಮೊದಲ ಪ್ರದರ್ಶನಕ್ಕೆ ಕಿರಿಯ ತರಗತಿಗಳಿಗೆ ‘ಬೇಡರ ಕಣ್ಣಪ್ಪ’, ಪ್ರೌಢಶಾಲೆಗೆ ಬಿ.ವಿ. ಕಾರಂತರ ‘ಚೋಮನ ದುಡಿ’ ಹೊಂದುತ್ತವೆ. ಎರಡನೆಯದರ ಕಥೆ ಕರಾವಳಿಯದು, ಶಿವರಾಮ ಕಾರಂತರದು. ಕಾಸರಗೋಡಿನ ಮಕ್ಕಳಿಗೆ ಆ ನೆಲ, ಆ ದುಡಿಯ ಸದ್ದು ಪರಿಚಿತ. ಪೂರ್ಣ ಚಿತ್ರ ಒಂದೇ ದಿನ ಬೇಡ. ವಿರಾಮದವರೆಗೆ ಒಂದು ವಾರ, ಉಳಿದದ್ದು ಮುಂದಿನ ವಾರ. ಧ್ವನಿಗಾಗಿ ಟಿ.ವಿ.ಯ ಒಳಸ್ಪೀಕರನ್ನು ನೆಚ್ಚದೆ ಶಾಲಾ ವಾರ್ಷಿಕೋತ್ಸವದ ಸ್ಪೀಕರನ್ನು ಜೋಡಿಸುವುದು ಮೇಲು.